‘ಡಕೋಟ ಗಾಡಿ’ ಅಂತೀವಲ್ಲ, ಈ ಡಕೋಟ ಎಲ್ಲಿಂದ ಬಂತು?

ಹಳೇಗಾಡಿ_ಮಾಲೀಕ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2004ರ ಕಾರೊಂದಿದೆ. ಬಾಗಿಲು ಎರಡು ಸಲ ಎಳೆದರೆ ಮುಚ್ಚುತ್ತದೆ, ಹಿಂದಿನ ಗಾಜು ಕೈಯಿಂದ ತಳ್ಳಿದರೆ ಏರುತ್ತದೆ. ಹದಿನೈದು ವರ್ಷದಿಂದ ಅದನ್ನು ‘ನಮ್ಮ ಡಕೋಟ’ ಅಂತಲೇ ಕರೆಯುತ್ತಿದ್ದೇನೆ. ಮೊನ್ನೆ ಆರನೇ ಕ್ಲಾಸಿನ ಮಗ ಕ್ವಿಜ್‌ಗೆ ಓದುತ್ತಾ ಕೂತಿದ್ದವನು ಕೇಳಿದ, ‘ಅಪ್ಪಾ, ಡಕೋಟ ಅಮೆರಿಕದ ರಾಜ್ಯ ಅಲ್ವಾ, ಉತ್ತರ ದಕ್ಷಿಣ ಅಂತ ಎರಡಿವೆ. ನಮ್ಮ ಕಾರಿಗೂ ಅದಕ್ಕೂ ಏನು ಸಂಬಂಧ?’ ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ ‘ಹಾಗಂದ್ರೆ ಹಳೇ ಗಾಡಿ ಕಣೋ’ ಅಂದೆ. ಅವನು ಬಿಡಬೇಕಲ್ಲ! ಯಾರಿಗಾದರೂ ಗೊತ್ತಿದ್ದರೆ ಹೇಳಿ, ನನ್ನ ಮರ್ಯಾದೆ ಉಳಿಸಿ.

ಗಡಗಡ_ಗುಂಡ:
ಇದರಲ್ಲಿ ಏನಿದೆ ಸಾರ್, ತುಂಬಾ ಸುಲಭ. ಹಳೇ ಗಾಡಿ ಹೇಗೆ ಸದ್ದು ಮಾಡುತ್ತೆ? ಡಕ ಡಕ ಡಕ. ಹಾಗೆ ಡಕ ಡಕ ಅಂತ ಓಡುವುದು ಡಕ + ಓಟ = ಡಕೋಟ. ಅಪ್ಪಟ ಕನ್ನಡ ಪದ. ಅಮೆರಿಕದವರೇ ನಮ್ಮಿಂದ ತಗೊಂಡಿರಬೇಕು 😀

ಸಂಧಿಮೇಷ್ಟ್ರು:
ಗುಂಡ ಅವರೇ, ಕೇಳೋಕೆ ಚೆನ್ನಾಗಿದೆ. ಲೋಪಸಂಧಿಯೂ ಸರಿಯಾಗಿಯೇ ಆಗುತ್ತದೆ, ನಾನೇ ಕ್ಲಾಸಿನಲ್ಲಿ ಉದಾಹರಣೆ ಕೊಡುವ ಆಸೆಯಾಯಿತು. ಆದರೆ ಎರಡು ತೊಡಕಿದೆ. ಕನ್ನಡದಲ್ಲಿ ಸದ್ದಿನ ಪದಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ: ಗಡಗಡ, ಲೊಡಲೊಡ, ದಡದಡ. ಅದರಲ್ಲಿ ಅರ್ಧ ಮುರಿದು ಇನ್ನೊಂದು ಪದಕ್ಕೆ ಅಂಟಿಸುವ ಅಭ್ಯಾಸ ನಮ್ಮಲ್ಲಿ ಕಾಣುವುದಿಲ್ಲ. ಗಡಗಡ ಅಂತ ಓಡಿದರೆ ‘ಗಡೋಟ’ ಅಂತ ಯಾರಾದರೂ ಅಂದಿದ್ದಾರಾ? ಎರಡನೆಯದು, ತೆಲುಗಿನವರೂ ಹಳೇ ಬಸ್ಸಿಗೆ ಡಕೋಟ ಅಂತಾರೆ. ಅವರಿಗೆ ಓಟ ಅಂದರೆ ಪರುಗು. ನಿಮ್ಮ ಲೆಕ್ಕದಲ್ಲಿ ಅವರ ಪದ ‘ಡಕಪರುಗು’ ಆಗಬೇಕಿತ್ತು.

ಇಬ್ಬರೂ ಮೂರನೆಯವರಿಂದ ತಗೊಂಡಿದ್ದೇವೆ ಅನ್ನುವುದೇ ಸರಿ. ಆ ಮೂರನೆಯದು ರಾಜ್ಯ ಅಲ್ಲ, ವಿಮಾನ. ಡಕೋಟ ಅನ್ನುವ ವಿಮಾನವಿತ್ತು.

ಗಡಗಡ_ಗುಂಡ:
ಡಕಪರುಗು 😂😂 ಸೋತೆ ಮೇಷ್ಟ್ರೇ. ಆದರೆ ವಿಮಾನಕ್ಕೂ ನಮ್ಮೂರ ಬಸ್ಸಿಗೂ ಎತ್ತಣ ಸಂಬಂಧ?

ರಿವೆಟ್_ಮಗಳು:
ಈ ಪ್ರಶ್ನೆಗೆ ನಾನು ಬರಲೇಬೇಕು. ನಮ್ಮ ತಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಶೀಟ್ ಮೆಟಲ್ ಕೆಲಸದಲ್ಲಿದ್ದರು. ನಾವು ಬೆಳೆದದ್ದು ವಿಮಾನಪುರದ ಹತ್ತಿರ. ಮನೆಯಲ್ಲೊಂದು ಸ್ಕೂಟರಿತ್ತು. ಬೆಳಗ್ಗೆ ಒಂದು ಕಡೆ ವಾಲಿಸಿ, ಎಂಟು ಕಿಕ್ ಹೊಡೆದು, ಅಮ್ಮ ಒಳಗಿನಿಂದ ಬೈದ ಮೇಲೆ ಸ್ಟಾರ್ಟ್ ಆಗುತ್ತಿತ್ತು. ಒಂದು ದಿನ ನಾನು ಅದಕ್ಕೆ ‘ಡಕೋಟ’ ಅಂದೆ. ಅಪ್ಪ ಸಾಮಾನ್ಯವಾಗಿ ಸಿಟ್ಟಾಗುವ ಮನುಷ್ಯ ಅಲ್ಲ. ಅವತ್ತು ಕಿಕ್ ಹೊಡೆಯುವುದನ್ನು ನಿಲ್ಲಿಸಿ, ‘ಇದಕ್ಕೆ ಬೇಕಾದ್ದು ಬೈಯಿ, ಡಕೋಟ ಅನ್ನಬೇಡ. ಡಕೋಟ ಅಂದ್ರೆ ಏನು ಗೊತ್ತಾ ನಿನಗೆ?’ ಅಂದರು. ಆಮೇಲೆ ಅರ್ಧ ಗಂಟೆ ಪಾಠ. ನನಗೆ ಅವತ್ತು ಸ್ಕೂಲಿಗೆ ಲೇಟಾಯಿತು.

ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು, ಎರಡನ್ನೂ ಸೇರಿಸಿ ಬರೆಯುತ್ತೇನೆ. ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ಕ್ಕೆ. ಎರಡನೇ ಮಹಾಯುದ್ಧ ಬಂದಾಗ ಅದನ್ನೇ ಸೈನ್ಯದ ಸಾಮಾನು ಸಾಗಿಸಲು ಮಾರ್ಪಾಡು ಮಾಡಿದರು. ಹತ್ತು ಸಾವಿರಕ್ಕೂ ಜಾಸ್ತಿ ಮಾಡಿದರು. ಅಮೆರಿಕದವರು ಅದನ್ನು ಸಿ-47 ಸ್ಕೈಟ್ರೇನ್ ಅಂದರು, ಡಕೋಟ ಅಂದವರು ಬ್ರಿಟಿಷರು. ನಮ್ಮ ಕಡೆ ಬಂದದ್ದು ಬ್ರಿಟಿಷರ ಹೆಸರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಶುರು ಮಾಡಿದ್ದು. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಕೊಟ್ಟರು, ಯುದ್ಧದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರಿಗೆ ಬೇಡವಾದ ಡಕೋಟಗಳು ರಾಶಿ ಬಿದ್ದವು. ಅವನ್ನು ಜನ ಕೂರುವ ಹಾಗೆ, ಸೀಟು ಪೀಟು ಹಾಕಿ, ಏರ್‌ಲೈನ್‌ಗಳಿಗೆ ತಯಾರು ಮಾಡಿಕೊಡುವ ಕೆಲಸವೂ ಇದೇ ಕಾರ್ಖಾನೆಯಲ್ಲಿ ನಡೆಯಿತು. ಅಪ್ಪ ಸೇರುವ ಹೊತ್ತಿಗೆ ಅದು ಹಳೇ ಕಥೆ, ಆದರೆ ಅವರಿಗೆ ಕೆಲಸ ಕಲಿಸಿದ ಹಿರಿಯರು ಡಕೋಟದ ಮೇಲೆ ಕೈ ಪಳಗಿಸಿಕೊಂಡವರು. ‘ಒಂದು ರಿವೆಟ್ ಹೋದ್ರೆ ಇನ್ನೊಂದು ಹೊಡಿ, ಮತ್ತೆ ಹಾರುತ್ತೆ, ಅಂಥ ಗಟ್ಟಿ ಗಾಡಿ’ ಅಂತ ಅವರು ಹೇಳುತ್ತಿದ್ದರಂತೆ.

ಹಾಗಾಗಿ ನಮ್ಮ ಮನೆಯಲ್ಲಿ ಡಕೋಟ ಬೈಗುಳ ಅಲ್ಲ. ಇವತ್ತಿಗೂ ನಾನು ಆ ಪದ ಬಳಸುವಾಗ ಒಂದು ಸಲ ಹಿಂದೆ ತಿರುಗಿ ನೋಡುತ್ತೇನೆ.

ಹಳೇಗಾಡಿ_ಮಾಲೀಕ:
ಮೇಡಂ, ಓದಿ ಖುಷಿಯಾಯಿತು. ಮಗನಿಗೆ ಹೇಳಿದೆ. ಅವನ ಮುಂದಿನ ಪ್ರಶ್ನೆ ರೆಡಿ: ‘ಅಷ್ಟು ಒಳ್ಳೆ ವಿಮಾನ ಆದ್ರೆ ಕೆಟ್ಟ ಗಾಡಿಗೆ ಯಾಕೆ ಅದರ ಹೆಸರು?’

ಸಂಶಯ_ಸಾಹೇಬ:
ನನ್ನದೂ ಅದೇ ಪ್ರಶ್ನೆ. ಹೆಸರು ಒಂದೇ ಥರ ಇದೆ ಅಂದ ಮಾತ್ರಕ್ಕೆ ಮೂಲ ಅಲ್ಲಿಂದಲೇ ಅಂತ ಹೇಗೆ ಹೇಳ್ತೀರಿ? ನಮ್ಮಲ್ಲಿ ಪದಮೂಲದ ಕಥೆಗಳಲ್ಲಿ ಮುಕ್ಕಾಲು ಪಾಲು ಆಮೇಲೆ ಹೆಣೆದದ್ದು. ವಿಮಾನ ಗಟ್ಟಿ, ಪದದ ಅರ್ಥ ಲಟಾರಿ. ಎರಡೂ ತಾಳೆ ಆಗುತ್ತಿಲ್ಲ.

ಟೈಮ್‌ಟೇಬಲ್_ತಾತ:
ತಾಳೆ ಆಗುತ್ತೆ, ಸ್ವಲ್ಪ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1953ರಲ್ಲಿ ಎಂಟು ಖಾಸಗಿ ವಿಮಾನ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಅದರ ಕೈಗೆ ಬಂದದ್ದು 99 ವಿಮಾನ. ಅದರಲ್ಲಿ 74 ಡಕೋಟಗಳೇ. ಅಂದರೆ ಆ ಕಾಲದ ನಮ್ಮ ಜನಕ್ಕೆ ವಿಮಾನ ಅಂದರೆ ಹೆಚ್ಚುಕಮ್ಮಿ ಡಕೋಟ. ಆಮೇಲೆ ಏನಾಯ್ತು? 1957ರಲ್ಲಿ ವೈಕೌಂಟ್ ಬಂತು. 1961ರಲ್ಲಿ ಫಾಕರ್ ಫ್ರೆಂಡ್‌ಶಿಪ್. 1964ರಲ್ಲಿ ಕ್ಯಾರವೆಲ್ ಜೆಟ್. ದೊಡ್ಡ ಊರುಗಳಿಗೆ ನುಣ್ಣಗೆ ಹಾರುವ ಹೊಸ ವಿಮಾನ, ಸಣ್ಣ ಊರುಗಳಿಗೆ ಅದೇ ಹಳೇ ಡಕೋಟ. ಹೋಲಿಸಿ ನೋಡಲು ಪಕ್ಕದಲ್ಲಿ ಹೊಸದು ನಿಂತ ಮೇಲೆ ತಾನೇ ಹಳೆಯದು ಹಳೆಯದು ಅಂತ ಕಾಣುವುದು?

ಇನ್ನು ಒಳಗೆ ಕೂತವರ ಪಾಡು. ಡಕೋಟಕ್ಕೆ ಹಿಂದೆ ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ಹಾಗಾಗಿ ನೆಲದ ಮೇಲೆ ನಿಂತಾಗ ಮೂತಿ ಮೇಲೆ, ಬಾಲ ಕೆಳಗೆ. ಬಾಗಿಲು ಇರುವುದು ಹಿಂಭಾಗದಲ್ಲಿ. ಒಳಗೆ ಹತ್ತಿದರೆ ಸೀಟಿಗೆ ಹೋಗಲು ದಿಬ್ಬ ಏರಿದ ಹಾಗೆ ಏರಬೇಕು. ಒಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇರಲಿಲ್ಲ, ಹಾಗಾಗಿ ತುಂಬಾ ಮೇಲೆ ಹಾರುವ ಹಾಗಿಲ್ಲ, ಮೋಡದ ನಡುವೆಯೇ ಕುಲುಕಾಟ. ಎರಡು ಎಂಜಿನ್, ಒಂದೊಂದಕ್ಕೂ ಹದಿನಾಲ್ಕು ಸಿಲಿಂಡರ್, ಆ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಈಗ ಹೇಳಿ, ಸದ್ದು, ಕುಲುಕಾಟ, ವಾಲಿಕೊಂಡು ನಿಲ್ಲುವುದು, ವಾಂತಿ. ಇದು ನಮ್ಮೂರ ಬಸ್ಸಿನ ವರ್ಣನೆ ಅಲ್ಲದೆ ಇನ್ನೇನು?

ನಾನು ಒಂದೇ ಸಲ ಹತ್ತಿದ್ದು, ಚಿಕ್ಕ ಹುಡುಗ. ನೆನಪಿರುವುದು ಕಿವಿನೋವು ಮತ್ತು ಪೆಪ್ಪರ್‌ಮೆಂಟು.

ಸಂಶಯ_ಸಾಹೇಬ:
ಸರಿ ತಾತ, ಪೆಪ್ಪರ್‌ಮೆಂಟಿಗೆ ಒಪ್ಪಿಕೊಂಡೆ. ಪದ ಬಂದದ್ದು ವಿಮಾನ ಕೆಟ್ಟದ್ದು ಅಂತಲ್ಲ, ಅದರ ಕಾಲ ಮುಗಿದರೂ ಅದು ಮುಗಿಯಲಿಲ್ಲ ಅಂತ. ಹಾಗೆ ಹೇಳಿದರೆ ಅರ್ಥವಾಗುತ್ತದೆ.

ಕಡಲಕರೆ:
ಮಂಗಳೂರಿನವರ ಕಡೆಯಿಂದ ಒಂದು ಮಾತು. ನಮ್ಮ ಬಜ್ಪೆ ವಿಮಾನ ನಿಲ್ದಾಣ ಶುರುವಾದದ್ದೇ ಡಕೋಟದಿಂದ. 1951ರ ಡಿಸೆಂಬರ್ 25ಕ್ಕೆ ನೆಹರೂ ಬಂದಿಳಿದದ್ದು ಡಿಸಿ-3ರಲ್ಲಿ. ನಮ್ಮ ಅಜ್ಜ ಆವತ್ತು ಗುಡ್ಡ ಹತ್ತಿ ನೋಡಲು ಹೋದವರು. ನೆಹರೂ ಹೇಗಿದ್ದರು ಅಂತ ಕೇಳಿದರೆ ‘ಜನ ರಾಶಿ ಇತ್ತು, ಕಾಣಲಿಲ್ಲ, ವಿಮಾನ ಕಂಡಿತು’ ಅನ್ನುತ್ತಿದ್ದರು. ಅದೇ ಅಜ್ಜ ನಮ್ಮೂರಿನ ಖಾಸಗಿ ಬಸ್ಸಿಗೆ ಡಕೋಟ ಅಂತಲೇ ಹೇಳುತ್ತಿದ್ದದ್ದು. ಎರಡೂ ಪದ ಒಂದೇ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಹುಬ್ಬಳ್ಳಿ_ಚುರುಮುರಿ:
ನಮ್ಮ ಕಡೆ ಡಕೋಟ ಅಂದ್ರೂ ನಡೀತದ, ಆದ್ರ ಲಡಾಸ್ ಅನ್ನೂದು ಜಾಸ್ತಿ. ‘ಏನ್ ಲಡಾಸ್ ಗಾಡಿ ತಂದೀಯೋ ಮಾರಾಯಾ.’ ಇನ್ನು ಮಾಲು ನಕಲಿ ಇದ್ದರೆ ಖೊಟ್ಟಿ. ಖೊಟ್ಟಿ ರೊಕ್ಕ, ಖೊಟ್ಟಿ ಬಂಗಾರ. ಇದು ಮರಾಠಿ, ಹಿಂದಿ ಕಡೆಯ ‘ಖೋಟಾ’ದಿಂದ ಬಂದದ್ದು. ಕೆಲಸಕ್ಕೆ ಬಾರದ್ದಕ್ಕೆ ರದ್ದಿ, ಅದು ಉರ್ದುವಿನಿಂದ. ನೋಡಿ, ಇಷ್ಟು ಪದದಲ್ಲಿ ಒಂದಕ್ಕೊಂದು ಹೊಂದೂದಿಲ್ಲ. ಖೊಟ್ಟಿ ಅಂದರೆ ಮೋಸ ಐತಿ. ರದ್ದಿ ಅಂದರೆ ಎಸೆಯೂದ. ಲಡಾಸ್ ಅಂದರೆ ಮೋಸ ಇಲ್ಲ, ಎಸೆಯೂದೂ ಇಲ್ಲ, ಸುಮ್ಮ ಅನುಭವಿಸೂದು.

ರಿವೆಟ್_ಮಗಳು:
‘ಸುಮ್ಮ ಅನುಭವಿಸೂದು’ 👌 ಇದಕ್ಕಿಂತ ಚೆನ್ನಾದ ಅರ್ಥ ಯಾವ ನಿಘಂಟಿನಲ್ಲೂ ಸಿಗಲ್ಲ.

ತೂರುವ_ಗಾಳಿ:
ನಾನು ಮಂಡ್ಯ ಕಡೆಯವನು, ಬೇಸಾಯ. ನೀವೆಲ್ಲ ಗಾಡಿಯ ಪದಗಳನ್ನೇ ಹಿಡಿದುಕೊಂಡಿದ್ದೀರಿ. ಕೆಟ್ಟ ಮಾಲಿಗೆ ಕನ್ನಡದ ಸ್ವಂತ ಪದ ಬೇಕು ಅಂದರೆ ಕಣಕ್ಕೆ ಬನ್ನಿ. ಭತ್ತ ತೂರುವಾಗ ಗಾಳಿಗೆ ಹಾರಿ ದೂರ ಬೀಳುವುದು ಜೊಳ್ಳು, ಹೊರಗೆ ಸಿಪ್ಪೆ ಇದೆ, ಒಳಗೆ ಕಾಳಿಲ್ಲ. ಟೊಳ್ಳು ಅಂದರೆ ಒಳಗೆ ಪೊಳ್ಳಾಗಿರುವ ಮರ. ಹುಳ ಬಿದ್ದದ್ದು ಹುಳುಕು, ಪದದಲ್ಲೇ ಹುಳ ಇದೆ ನೋಡಿ. ತೇವ ತಗುಲಿ ವಾಸನೆ ಬಂದ ಅಕ್ಕಿ ಮುಗ್ಗಲು. ಬಲಿತು ಹೋದ ಹುರುಳಿಕಾಯಿಗೆ ನಾರು ಬಿತ್ತು ಅಂತೀವಿ. ಒಂದೊಂದು ಕೇಡಿಗೂ ಒಂದೊಂದು ಪದ. ಯಾಕೆಂದರೆ ಏನು ಕೆಟ್ಟಿದೆ ಅಂತ ಗೊತ್ತಾದರೆ ತಾನೇ ಏನು ಮಾಡಬೇಕು ಅಂತ ಗೊತ್ತಾಗುವುದು? ಮುಗ್ಗಲು ಅಕ್ಕಿಯನ್ನು ಬಿಸಿಲಿಗೆ ಹಾಕಬಹುದು. ಜೊಳ್ಳನ್ನು ಬಿಸಿಲಿಗೆ ಹಾಕಿ ಏನು ಮಾಡ್ತೀರಿ?

ನಮ್ಮಲ್ಲಿ ಯಾರೂ ‘ಕಳಪೆ ಭತ್ತ’ ಅನ್ನುವುದಿಲ್ಲ. ಕಳಪೆ ಅನ್ನುವುದು ಮಂಡಿಗೆ ಹೋದಾಗ, ಬೆಲೆ ಇಳಿಸೋಕೆ ವ್ಯಾಪಾರಿ ಹೇಳುವ ಪದ.

ಕರಡು_ತಿದ್ದುವವಳು:
ಹೌದು! ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ನನ್ನದು. ಕಳಪೆ ಅನ್ನುವ ಪದ ವಾರದಲ್ಲಿ ಎಷ್ಟು ಸಲ ಕಣ್ಣಿಗೆ ಬೀಳುತ್ತೆ ಅಂತ ಕೇಳಬೇಡಿ. ಅದಕ್ಕೆ ಗೊತ್ತಿರುವ ಜೊತೆಗಾರರು ನಾಲ್ಕೈದು ಜನ ಅಷ್ಟೇ: ಕಳಪೆ ಕಾಮಗಾರಿ, ಕಳಪೆ ಬಿತ್ತನೆ ಬೀಜ, ಕಳಪೆ ಆಹಾರ, ಕಳಪೆ ಪ್ರದರ್ಶನ. ರಸ್ತೆ ಕಿತ್ತುಹೋದರೆ ಕಾಮಗಾರಿ, ಸೊನ್ನೆಗೆ ಔಟಾದರೆ ಪ್ರದರ್ಶನ. ಆದರೆ ಅದೇ ವರದಿಗಾರ ಮನೆಗೆ ಹೋಗಿ ಹೆಂಡತಿ ಮಾಡಿದ ಉಪ್ಪಿಟ್ಟನ್ನು ‘ಕಳಪೆ ಉಪ್ಪಿಟ್ಟು’ ಅನ್ನಲ್ಲ. (ಅಂದರೆ ಮರುದಿನ ವರದಿ ನಾವು ಬರೆಯಬೇಕಾಗುತ್ತೆ.)

ಕಳಪೆ ಅಂದರೆ ಹುಟ್ಟುವಾಗಲೇ ಕೆಟ್ಟದ್ದು, ಅದಕ್ಕೆ ಯಾರೋ ಕಾರಣ, ಯಾರನ್ನೋ ಬೈಯಬೇಕು. ಅದು ದೂರಿನ ಪದ. ಡಕೋಟ ಹಾಗಲ್ಲ. ಹೊಸ ಕಾರು ಕೈಕೊಟ್ಟರೆ ಅದು ಕಳಪೆ, ಡಕೋಟ ಅಲ್ಲ. ಡಕೋಟ ಆಗೋಕೆ ವರ್ಷ ಬೇಕು. ಒಂದು ಕಾಲದಲ್ಲಿ ಚೆನ್ನಾಗಿ ಓಡಿರಬೇಕು.

ಗಡಗಡ_ಗುಂಡ:
ಮತ್ತೆ ಈಗಲೂ ಓಡುತ್ತಿರಬೇಕು! ಅದು ಮುಖ್ಯ. ಓಡದೆ ನಿಂತರೆ ಅದು ಡಕೋಟ ಅಲ್ಲ, ಗುಜರಿ.

ಸಂಧಿಮೇಷ್ಟ್ರು:
ಗುಂಡ ಅವರೇ, ಇದಕ್ಕೆ ಪೂರ್ತಿ ಅಂಕ.

ಓಡುತ್ತಿರಬೇಕು ಅಂದಿದ್ದಕ್ಕೆ ನೆನಪಾಯಿತು. 1941ರಲ್ಲಿ ಚೀನಾದಲ್ಲಿ ನೆಲದ ಮೇಲೆ ನಿಂತಿದ್ದ ಒಂದು ಡಿಸಿ-3ರ ಬಲ ರೆಕ್ಕೆ ಜಪಾನಿನವರ ಬಾಂಬಿಗೆ ಹಾಳಾಯಿತು. ಬದಲಿ ರೆಕ್ಕೆ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ಅದರ ಹಿಂದಿನ ಮಾದರಿ ಡಿಸಿ-2ರ ರೆಕ್ಕೆ ಒಂದಿತ್ತು, ಐದು ಅಡಿ ಗಿಡ್ಡ. ಅದನ್ನೇ ಇನ್ನೊಂದು ವಿಮಾನದ ಹೊಟ್ಟೆಗೆ ಕಟ್ಟಿ ತಂದು ಜೋಡಿಸಿದರು. ಒಂದು ರೆಕ್ಕೆ ಉದ್ದ, ಒಂದು ರೆಕ್ಕೆ ಗಿಡ್ಡ, ಹಾರಿತು. ಅದಕ್ಕೆ ‘ಡಿಸಿ ಎರಡೂವರೆ’ ಅಂತ ಹೆಸರೇ ಬಿತ್ತು. ಎಡಗಡೆ ಒಂದು ಕಂಪನಿ ಕನ್ನಡಿ, ಬಲಗಡೆ ಇನ್ನೊಂದು ಕಂಪನಿ ಕನ್ನಡಿ ಹಾಕಿಕೊಂಡು ಓಡಾಡುವ ನಮ್ಮ ಬೈಕುಗಳಿಗೆ ಇದಕ್ಕಿಂತ ಸರಿಯಾದ ಪೂರ್ವಜ ಎಲ್ಲಿ ಸಿಗಬೇಕು?

ಹುಬ್ಬಳ್ಳಿ_ಚುರುಮುರಿ:
ಎರಡೂವರೆ! ಇನ್ನ ಮುಂದ ನನ್ನ ಬೈಕಿನ ಹೆಸರು ಅದೇ.

ಮೆಜೆಸ್ಟಿಕ್_ಮರಿ:
ಬೆಂಗಳೂರಿನ ಕಾಲೇಜು ಹುಡುಗರ ಕಡೆಯಿಂದ. ಡಕೋಟ ಅಂದರೆ ನಮಗೆ ಅಪ್ಪಂದಿರ ಪದ. ನಾವು ತಗಡು ಅಂತೀವಿ, ಡಬ್ಬಾ ಅಂತೀವಿ. ಫೋನ್ ಸರಿ ಇಲ್ಲದಿದ್ದರೆ ‘ಚೈನಾ ಸೆಟ್’. ಚೈನಾದಲ್ಲೇ ತಯಾರಾದ ಒಳ್ಳೆ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹಾಗಂತೀವಿ, ಅದು ಬೇರೆ. ಇನ್ನೊಂದು ಇದೆ, ‘ಲೋಕಲ್’. ‘ಲೋಕಲ್ ಮಾಲು ಗುರು.’ ಲೋಕಲ್ ಅಂದರೆ ಇಲ್ಲೇ ಮಾಡಿದ್ದು ಅಂತ ತಾನೇ? ಇಲ್ಲೇ ಮಾಡಿದ್ದು ಅಂದರೆ ಕೆಟ್ಟದ್ದು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ. ಇದನ್ನು ಬರೆಯುವಾಗಲೇ ನನಗೆ ಇದು ಹೊಳೆದದ್ದು, ಸ್ವಲ್ಪ ಬೇಜಾರಾಯಿತು.

ತೂರುವ_ಗಾಳಿ:
ಮರಿ, ತಗಡಿಗೆ ಯಾಕೆ ಬೈತೀರಿ. ನಮ್ಮ ಕೊಟ್ಟಿಗೆಯ ಮೇಲೆ ಇಪ್ಪತ್ತು ವರ್ಷದಿಂದ ಅದೇ ಇರುವುದು.

ಕರಡು_ತಿದ್ದುವವಳು:
ಹೊರಗಿನಿಂದ ಬಂದ ಇನ್ನೊಂದು ಪದ ಮರೆತಿದ್ದೀರಿ, ಗಿಲೀಟು. ನೋಡಿದರೆ ಹಳೇ ಕನ್ನಡದ ಪದದ ಹಾಗೆ ಕಾಣುತ್ತದೆ. ಅದು ಇಂಗ್ಲಿಷಿನ ‘ಗಿಲ್ಟ್’. ಚಿನ್ನದ ನೀರು ಹಾಯಿಸುವುದು. ನಮ್ಮ ಅಜ್ಜಿ ಮದುವೆಗೆ ಬಂದವರ ಕತ್ತು ನೋಡಿ ದೂರದಿಂದಲೇ ‘ಗಿಲೀಟು’ ಅಂತ ತೀರ್ಪು ಕೊಡುತ್ತಿದ್ದರು. ಅವರಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ.

ಹಿಮದೂರು_ಕನ್ನಡಿಗ:
ನಾನು ಇರುವುದು ಅಮೆರಿಕದ ಮಿನೆಸೋಟದಲ್ಲಿ, ಪಕ್ಕದಲ್ಲೇ ಉತ್ತರ ಡಕೋಟ, ದಕ್ಷಿಣ ಡಕೋಟ. ಬಂದ ಹೊಸದರಲ್ಲಿ ಒಂದು ಹಳೇ ಕಾರು ತಗೊಂಡೆ, ಚಳಿಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ಹೆಂಡತಿಯ ಹತ್ತಿರ ಫೋನಿನಲ್ಲಿ ‘ಡಕೋಟ, ಡಕೋಟ’ ಅಂತ ಗೋಳಾಡುವುದು ಕೇಳಿಸಿಕೊಂಡ ಸಹೋದ್ಯೋಗಿ, ನಾನು ಅಲ್ಲಿಗೆ ಮನೆ ಬದಲಾಯಿಸುತ್ತಿದ್ದೇನೆ ಅಂದುಕೊಂಡು ವಿದಾಯ ಹೇಳೋಕೆ ಬಂದ.

ಮೂಲದ ವಿಷಯಕ್ಕೆ ಇಷ್ಟು ಸೇರಿಸಬಹುದು. ಆ ರಾಜ್ಯಗಳ ಹೆಸರು ಇಲ್ಲಿನ ಮೂಲನಿವಾಸಿ ಡಕೋಟ ಜನರದ್ದು. ಅವರ ಭಾಷೆಯಲ್ಲಿ ಡಕೋಟ ಅಂದರೆ ಗೆಳೆಯ, ಜೊತೆಗಾರ. ಮಿನೆಸೋಟ ಅನ್ನುವ ಹೆಸರೂ ಅವರ ಭಾಷೆಯದೇ. ಎರಡೂ ಡಕೋಟಗಳು 1889ರ ನವೆಂಬರ್ 2ಕ್ಕೆ ಒಂದೇ ದಿನ ರಾಜ್ಯಗಳಾದವು. ಹಾಗಾಗಿ ಗೆಳೆಯ ಅನ್ನುವ ಪದ ರಾಜ್ಯವಾಗಿ, ವಿಮಾನವಾಗಿ, ಕೊನೆಗೆ ನಮ್ಮೂರಿನ ಬಸ್ಸಾಯಿತು. ಮಾಲೀಕರೇ, ನಿಮ್ಮ ಮಗನ ಪ್ರಶ್ನೆ ತಪ್ಪಲ್ಲ, ಸಂಬಂಧ ಇದೆ.

ರಿವೆಟ್_ಮಗಳು:
ಗೆಳೆಯ ಅಂತಲಾ! ಅಪ್ಪ ಇದ್ದಿದ್ದರೆ ಇದನ್ನು ಹಿಡಿದುಕೊಂಡು ಇನ್ನೂ ಅರ್ಧ ಗಂಟೆ ಪಾಠ ಮಾಡುತ್ತಿದ್ದರು.

ಸಂಶಯ_ಸಾಹೇಬ:
ಈಗ ಎಲ್ಲಾದರೂ ಡಕೋಟ ಹಾರುತ್ತಿದೆಯಾ ಅಥವಾ ಎಲ್ಲ ಗುಜರಿಯಾ?

ಟೈಮ್‌ಟೇಬಲ್_ತಾತ:
ನಮ್ಮ ವಾಯುಪಡೆಯ ಹತ್ತಿರವೇ ಹಾರುವ ಸ್ಥಿತಿಯದು ಒಂದಿದೆ, ಹೆಸರು ‘ಪರಶುರಾಮ’. ಆಗಿನ ಸಂಸದ ರಾಜೀವ್ ಚಂದ್ರಶೇಖರ್ ಅದನ್ನು ಹೊರದೇಶದಲ್ಲಿ ಕೊಂಡು ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟದ್ದು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. 2018ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಿಂದ ಇಲ್ಲಿಯವರೆಗೆ ತಾನೇ ಹಾರಿಕೊಂಡು ಬಂತು, ಹಡಗಿನಲ್ಲಿ ಹೇರಿಕೊಂಡು ಬಂದದ್ದಲ್ಲ. ಅದರ ಮೇಲೆ ಬರೆದಿರುವ ನಂಬರು ವಿಪಿ 905. 1947ರ ಅಕ್ಟೋಬರ್ 27ಕ್ಕೆ ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರಕ್ಕೆ ಇಳಿದ ಡಕೋಟದ ನೆನಪಿಗೆ ಆ ನಂಬರು. ಆವತ್ತು ಡಕೋಟಗಳು ಹೊತ್ತಿಗೆ ಸರಿಯಾಗಿ ಇಳಿಯದಿದ್ದರೆ ಶ್ರೀನಗರದ ಕಥೆ ಬೇರೆಯೇ ಆಗುತ್ತಿತ್ತು.

ಮೆಜೆಸ್ಟಿಕ್_ಮರಿ:
ಇಂಗ್ಲೆಂಡಿನಿಂದ ಹಾರಿಕೊಂಡು ಬಂತಾ? ನಮ್ಮ ಡಕೋಟ ಸಿಲ್ಕ್ ಬೋರ್ಡ್ ದಾಟಿದರೆ ಸಾಕು ನನಗೆ.

ಹಳೇಗಾಡಿ_ಮಾಲೀಕ:
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಡೀ ಚರ್ಚೆಯನ್ನು ಮಗನಿಗೆ ಓದಿ ಹೇಳಿದೆ. ಎರಡೂವರೆ ವಿಮಾನದ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾನೆ. ನಮ್ಮ ಫ್ರಿಜ್ಜು, ಫ್ಯಾನು, ನನ್ನ ಮಂಡಿ, ಎಲ್ಲದಕ್ಕೂ ಡಕೋಟ ಅಂತ ಕರೆಯಲು ಶುರು ಮಾಡಿದ್ದಾನೆ. ಆದರೆ ಒಂದು ತೊಂದರೆ ಆಗಿದೆ. ಇವತ್ತು ಬೆಳಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬರೀ ಟಿಕ್ ಟಿಕ್ ಅನ್ನುತ್ತಿದೆ. ಅವನು ಶೂ ಹಾಕಿಕೊಂಡು ಪಕ್ಕದಲ್ಲಿ ನಿಂತು ಕೇಳಿದ, ‘ಗುಂಡ ಅಂಕಲ್ ಲೆಕ್ಕದಲ್ಲಿ ಇದು ಈಗ ಗುಜರಿ ಅಲ್ವಾಪ್ಪಾ?’

ಗಡಗಡ_ಗುಂಡ:
ಅಯ್ಯೋ, ಅಷ್ಟಕ್ಕೇ ಗುಜರಿ ಅನ್ನಬೇಡಿ ಸಾರ್. ಟಿಕ್ ಟಿಕ್ ಅಂದರೆ ಬಹುಶಃ ಬ್ಯಾಟರಿ. ಟರ್ಮಿನಲ್ ಬಿಚ್ಚಿ ಬಿಳಿ ಪುಡಿ ಕೂತಿದೆಯಾ ನೋಡಿ, ಬಿಸಿನೀರು ಹಾಕಿ ಒರೆಸಿ, ಗಟ್ಟಿಯಾಗಿ ಕೂರಿಸಿ ಇನ್ನೊಂದು ಸಲ ಕೀ ತಿರುಗಿಸಿ. ಆಗಲಿಲ್ಲ ಅಂದರೆ ಮಗನನ್ನು ಹಿಂದಿನಿಂದ ತಳ್ಳೋಕೆ ಹೇಳಿ.

ಹಳೇಗಾಡಿ_ಮಾಲೀಕ:
ಒರೆಸಿದೆ. ಸ್ಟಾರ್ಟ್ ಆಯ್ತು. ಹೊರಟ್ವಿ.